ಹಲಗೆ ಮತ್ತು ಕಡತ: ಟ್ಯಾಬ್ಲೆಟ್ಟು, ಕಂಪ್ಯೂಟರುಗಳ ಬಲಾಬಲ

(ಮೈಸೂರಿನ ಕುವೆಂಪುನಗರದಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರುವ ಓದುಗರ ಕೂಟದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಮಯ ಸಾಲದೆ ಅಂದು ಬಿಟ್ಟುಹೋದ ಒಂದೆರಡು ವಿವರಗಳನ್ನು ಸೇರಿಸಿದ್ದೇನೆ. ಪ್ರಶ್ನೋತ್ತರದಲ್ಲಿ ಬಂದದ್ದು ಕೊನೆಯಲ್ಲಿದೆ.)

ಮಾನ್ಯರೇ,

ಈ ವಿಷಯವನ್ನು ನನಗೆ ಒಪ್ಪಿಸುವಾಗ ಕೂಟದ ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸರ್, ಮೊಮ್ಮಕ್ಕಳಿಗೆ ಟ್ಯಾಬ್ ಕೊಡಿಸಬೇಕೋ ಕಂಪ್ಯೂಟರ್ ಕೊಡಿಸಬೇಕೋ ಅಂತ ಎಲ್ಲರೂ ಕೇಳ್ತಿದ್ದಾರೆ. ಅದನ್ನ ಸ್ವಲ್ಪ ಬಿಡಿಸಿ ಹೇಳಿಬಿಡಿ." ಮಂಡ್ಯದ ಪಾಲಿಟೆಕ್ನಿಕ್ಕೊಂದರಲ್ಲಿ ಇಪ್ಪತ್ತೇಳು ವರ್ಷ ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾಗಿರುವ ನನಗೆ ಈ ಬಗೆಯ ಪ್ರಶ್ನೆ ಹೊಸದೇನಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಗಳನ್ನು ಟೈಪಿಂಗಿಗೆ ಕಳಿಸುವುದೋ ಕಂಪ್ಯೂಟರಿಗೆ ಕಳಿಸುವುದೋ ಎಂದು ತಂದೆಯರು ಬಂದು ಕೇಳುತ್ತಿದ್ದರು. ಯಂತ್ರದ ಹೆಸರನ್ನು ಮುಂದಿಟ್ಟು ಕೇಳಿದಾಗಲೆಲ್ಲ ನಾನು ಕೊಟ್ಟ ಉತ್ತರ ಅರ್ಧ ತಪ್ಪಾಗಿಯೇ ಇರುತ್ತಿತ್ತು ಎಂಬುದು ಈಗ ಅನುಭವದಿಂದ ತಿಳಿದಿದೆ. ಆದುದರಿಂದ ಇಂದು ಯಂತ್ರಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಮ್ಮವೇ ಆದ ಎರಡು ಹಳೆಯ ವಸ್ತುಗಳಿಂದ ಆರಂಭಿಸುತ್ತೇನೆ.

ಇಲ್ಲಿ ಕುಳಿತಿರುವ ಬಹುಪಾಲು ಮಂದಿ ಅಕ್ಷರ ತಿದ್ದಿದ್ದು ಹಲಗೆಯ ಮೇಲೆ, ಬಳಪ ಹಿಡಿದು. ಹಲಗೆಯ ಸುಖ ಎಲ್ಲರಿಗೂ ಗೊತ್ತು. ಅದು ಹಗುರ, ತೊಡೆಯ ಮೇಲೆ ಕೂರುತ್ತದೆ, ಬರೆದದ್ದು ತಪ್ಪಾದರೆ ಅಂಗಿಯ ತೋಳಿನಿಂದ ಒರೆಸಿದರೆ ಮತ್ತೆ ಹೊಸದು. ಇನ್ನೊಂದು ವಸ್ತು ಕಡತ. ಈಗ ಕಚೇರಿಯ ಫೈಲಿಗೆ ನಾವು ಈ ಪದವನ್ನು ಬಳಸುತ್ತೇವೆಯಾದರೂ, ಮೂಲದಲ್ಲಿ ಅದು ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟು, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ವರ್ತಕರ ಲೆಕ್ಕ, ಶಾನುಭೋಗರ ಲೆಕ್ಕ ಕಡತದಲ್ಲಿರುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರಗಳೇ ಆಗಿವೆ. ಗಮನಿಸಬೇಕಾದ ಸಂಗತಿ ಏನೆಂದರೆ, ಹಲಗೆಗೂ ಕಡತಕ್ಕೂ ಬರೆಯುವ ಬಳಪ ಒಂದೇ, ಬರೆಸಿಕೊಳ್ಳುವ ಬಣ್ಣವೂ ಒಂದೇ. ಒಂದನ್ನು ಒರೆಸುವುದಕ್ಕಾಗಿ ಮಾಡಿದರು, ಇನ್ನೊಂದನ್ನು ಮಡಚಿ ಎತ್ತಿಡುವುದಕ್ಕಾಗಿ ಮಾಡಿದರು. ಟ್ಯಾಬ್ಲೆಟ್ ಎಂಬ ಇಂಗ್ಲಿಷ್ ಪದಕ್ಕೂ ಮೂಲದಲ್ಲಿ ಬರೆಯುವ ಹಲಗೆಯೆಂಬ ಅರ್ಥವೇ ಇದೆ. ಮೆಡಿಕಲ್ ಶಾಪಿನ ಅರ್ಥ ಆಮೇಲೆ ಬಂದದ್ದು.

ಈ ಹೋಲಿಕೆಯನ್ನು ಸುಮ್ಮನೆ ಅಲಂಕಾರಕ್ಕಾಗಿ ತಂದಿಲ್ಲ. ಆ್ಯಪಲ್ ಕಂಪನಿ ತಾನೇ ರೂಪಿಸಿದ ಎಂ1 ಎಂಬ ಚಿಪ್ಪನ್ನು 2020ರ ಕೊನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಹಾಕಿತು, 2021ರಲ್ಲಿ ಅದೇ ಚಿಪ್ಪನ್ನು ತನ್ನ ಐಪ್ಯಾಡ್ ಪ್ರೊ ಟ್ಯಾಬ್ಲೆಟ್ಟಿನಲ್ಲಿಯೂ ಹಾಕಿತು. ಅಲ್ಲಿಯವರೆಗೆ ನಾವು ಮೇಷ್ಟ್ರುಗಳು ತರಗತಿಯಲ್ಲಿ, ಟ್ಯಾಬ್ಲೆಟ್ಟಿಗೆ ಶಕ್ತಿ ಸಾಲದು, ಆದ್ದರಿಂದ ಅದು ಕಂಪ್ಯೂಟರಿನ ಕೆಲಸ ಮಾಡಲಾರದು ಎಂದು ಹೇಳಿ ಮುಗಿಸುತ್ತಿದ್ದೆವು. ಎರಡರ ಒಳಗೂ ಒಂದೇ ಚಿಪ್ಪು ಬಂದ ಮೇಲೆ ಆ ವಿವರಣೆ ಬಿದ್ದುಹೋಯಿತು. ಆದರೂ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಆಗುವ ಅನೇಕ ಕೆಲಸಗಳು ಆ ಟ್ಯಾಬ್ಲೆಟ್ಟಿನಲ್ಲಿ ತಿಣುಕಿ ತಿಣುಕಿ ಆಗುತ್ತಿದ್ದವು. ಹಾಗಾದರೆ ವ್ಯತ್ಯಾಸ ಇರುವುದು ಬಳಪದಲ್ಲಲ್ಲ. ಬರೆದದ್ದನ್ನು ಎಲ್ಲಿ ಇಡುತ್ತೇವೆ, ಯಾರ ಕೈಗೆ ಕೊಡುತ್ತೇವೆ ಎಂಬ ಏರ್ಪಾಟಿನಲ್ಲಿ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1972ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಆಲನ್ ಕೇ ಎಂಬ ವಿಜ್ಞಾನಿ 'ಡೈನಾಬುಕ್' ಎಂಬ ಒಂದು ಕಲ್ಪನೆಯ ಯಂತ್ರವನ್ನು ವಿವರಿಸಿ ಲೇಖನ ಬರೆದರು. ನೋಟ್‌ಬುಕ್ಕಿನ ಗಾತ್ರ, ನಾಲ್ಕು ಪೌಂಡಿಗಿಂತ, ಎಂದರೆ ಸುಮಾರು 1.8 ಕಿಲೋಗಿಂತ ಕಡಿಮೆ ತೂಕ; ಮಕ್ಕಳು ಮರದ ಕೆಳಗೆ ಕುಳಿತು ಬಳಸಬಹುದಾದ ಯಂತ್ರ. ಆ ಲೇಖನದಲ್ಲಿದ್ದ ಯಂತ್ರದ ಚಿತ್ರವನ್ನು ನೋಡಿದವರು ಒಂದು ಅಂಶವನ್ನು ಮರೆಯುತ್ತಾರೆ. ಅದರಲ್ಲಿ ಪರದೆಯ ಕೆಳಗೆ ಕೀಲಿಮಣೆ ಇತ್ತು, ಮತ್ತು ಮಗು ತಾನೇ ಪ್ರೋಗ್ರಾಂ ಬರೆಯಬೇಕೆಂಬುದು ಕೇ ಅವರ ಉದ್ದೇಶದ ತಿರುಳಾಗಿತ್ತು. ಆಮೇಲೆ 1989ರ ಗ್ರಿಡ್‌ಪ್ಯಾಡ್, 1993ರಲ್ಲಿ ಆ್ಯಪಲ್ ತಂದ ನ್ಯೂಟನ್, 2002ರಲ್ಲಿ ಮೈಕ್ರೋಸಾಫ್ಟ್ ತಂದ ಟ್ಯಾಬ್ಲೆಟ್ ಪಿಸಿ, ಇವೆಲ್ಲ ಕಡ್ಡಿ ಹಿಡಿದು ಬರೆಯುವ ಯಂತ್ರಗಳು. ಯಾವುದೂ ಮನೆಮನೆಗೆ ತಲುಪಲಿಲ್ಲ. 2010ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಐಪ್ಯಾಡ್ ಕಡ್ಡಿಯನ್ನೂ ಕೀಲಿಮಣೆಯನ್ನೂ ಬಿಟ್ಟು ಬೆರಳನ್ನೇ ನಂಬಿತು. 9.7 ಅಂಗುಲದ ಪರದೆ, 680 ಗ್ರಾಂ ತೂಕ, ಹತ್ತು ಗಂಟೆಯ ಬ್ಯಾಟರಿ. ಮಗು ಹಿಡಿದರೂ ಅಜ್ಜಿ ಹಿಡಿದರೂ ಅದನ್ನು ಹೇಗೆ ಬಳಸುವುದೆಂದು ಯಾರೂ ಕಲಿಸಬೇಕಾಗಲಿಲ್ಲ. ಆದರೆ ಪ್ರೋಗ್ರಾಂ ಬರೆಯುವ ಮಗುವಿನ ಕನಸು ಅಲ್ಲಿ ಬಿಟ್ಟುಹೋಗಿತ್ತು.

ನಮ್ಮ ನೆಲದ ಒಂದು ಪ್ರಯತ್ನವನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಐಪ್ಯಾಡಿಗೂ ಸುಮಾರು ಹತ್ತು ವರ್ಷ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಎಂಬ ಕಂಪನಿಯ ಇಂಜಿನಿಯರುಗಳೂ ಸೇರಿ 'ಸಿಂಪ್ಯೂಟರ್' ಎಂಬ ಅಂಗೈ ಯಂತ್ರವನ್ನು ರೂಪಿಸಿದರು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ತಂತ್ರಾಂಶದ ಮೇಲೆ ನಡೆಯುವ, ಮುಟ್ಟುವ ಪರದೆಯಿದ್ದ, ಭಾರತೀಯ ಭಾಷೆಗಳ ಬರಹವನ್ನು ಓದಿ ಹೇಳಬಲ್ಲ ಯಂತ್ರ ಅದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ತಯಾರಿಸಿತು. ವ್ಯಾಪಾರದಲ್ಲಿ ಅದು ಸೋತಿತು, ನಿಜ. ಆದರೆ ಅದರಲ್ಲಿದ್ದ ಒಂದು ಸಣ್ಣ ಸೀಳನ್ನು ನೆನೆದರೆ ನನಗೆ ಈಗಲೂ ಮೆಚ್ಚುಗೆಯಾಗುತ್ತದೆ. ಅದು ಸ್ಮಾರ್ಟ್ ಕಾರ್ಡ್ ಹಾಕುವ ಸೀಳು. ಯಂತ್ರ ಊರಿಗೆ ಒಂದೇ ಇರಲಿ, ಒಬ್ಬೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ, ಅವರವರ ಜೇಬಿನಲ್ಲಿರಲಿ ಎಂಬುದು ಅದರ ಹಿಂದಿನ ವಿಚಾರ. ಹಲಗೆ ಎಲ್ಲರದು, ಕಡತ ಅವರವರದು. ಇಂದಿನ ಟ್ಯಾಬ್ಲೆಟ್ಟುಗಳಲ್ಲಿ ಇದು ತಲೆಕೆಳಗಾಗಿದೆ: ಯಂತ್ರ ನಮ್ಮದು, ಅದರೊಳಗಿನ ಕಡತ ಯಾವುದೋ ಕಂಪನಿಯ ಸರ್ವರಿನಲ್ಲಿ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಅಗ್ಗದ 'ಆಕಾಶ್' ಟ್ಯಾಬ್ಲೆಟ್ಟು ತಮಗೆ ನೆನಪಿರಬಹುದು. ಏಳು ಅಂಗುಲದ ಪರದೆ, 256 ಎಂಬಿ ಮೆಮೊರಿ. ಅದರ ಪರದೆ ಒತ್ತಡವನ್ನು ಗುರುತಿಸುವ ಬಗೆಯದು. ಮೇಲಿನ ಪದರ ಬಾಗಿ ಕೆಳಗಿನ ಪದರವನ್ನು ಮುಟ್ಟಿದರೆ ಮಾತ್ರ ಅದಕ್ಕೆ ತಿಳಿಯುತ್ತಿತ್ತು. ಈಗಿನ ಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಗುರುತಿಸುತ್ತವೆ, ಆದ್ದರಿಂದ ಸೋಕಿದರೆ ಸಾಕು. ಆದರೆ ಅದೇ ಕಾರಣಕ್ಕೆ ಒದ್ದೆ ಕೈಗೆ, ಮಣ್ಣು ಮೆತ್ತಿದ ಬೆರಳಿಗೆ ಅವು ಸರಿಯಾಗಿ ಓಗೊಡುವುದಿಲ್ಲ. ಗದ್ದೆಯ ಬದುವಿನಲ್ಲಿ ನಿಂತು ಪಂಚೆಯ ಅಂಚಿಗೆ ಬೆರಳು ಒರೆಸಿಕೊಳ್ಳುತ್ತ, ಬಿಸಿಲಿಗೆ ಬೆನ್ನು ಕೊಟ್ಟು ಪರದೆಗೆ ನೆರಳು ಮಾಡಿಕೊಂಡು ಬೆಳೆಯ ಫೋಟೋ ಏರಿಸುವ ರೈತರನ್ನು ನಾನು ಪಾಂಡವಪುರದ ಕಡೆ ಕಂಡಿದ್ದೇನೆ.

ಹಾಗೆಂದು ಆ ಹೊಲದ ಬದುವಿಗೆ ಮೇಜಿನ ಕಂಪ್ಯೂಟರನ್ನು ಒಯ್ಯಲಾಗುವುದಿಲ್ಲವಲ್ಲ. ಟ್ಯಾಬ್ಲೆಟ್ಟಿನ ನಿಜವಾದ ಬಲ ಇರುವುದೇ ಇಲ್ಲಿ. ಕ್ಯಾಮೆರಾ, ಜಾಗ ತಿಳಿಸುವ ಜಿಪಿಎಸ್, ಸಿಮ್, ಬ್ಯಾಟರಿ ಎಲ್ಲವೂ ಒಂದೇ ಹಲಗೆಯಲ್ಲಿ ಸೇರಿರುವುದರಿಂದ ಕೆಲಸ ನಡೆಯುವ ಜಾಗಕ್ಕೆ ಯಂತ್ರವೇ ನಡೆದು ಹೋಗುತ್ತದೆ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು ತಾಲ್ಲೂಕು ಕಚೇರಿಗಳಲ್ಲಿ, ಮೇಜಿನ ಮುಂದೆ ಕುಳಿತು ಕೀಲಿಮಣೆ ಬಡಿದವರಿಂದ. ಟ್ಯಾಬ್ಲೆಟ್ಟಿನಲ್ಲಿ ಅದು ಆಗುವ ಕೆಲಸವಾಗಿರಲಿಲ್ಲ. ಅದೇ ಪಹಣಿಯ ಬೆಳೆ ಕಾಲಂ ತುಂಬಲು ಈಗ ನಡೆಯುವ ಬೆಳೆ ಸಮೀಕ್ಷೆ ಹೊಲದಲ್ಲಿಯೇ ಆಗಬೇಕು, ಅದು ಮೇಜಿನ ಮುಂದೆ ಆಗುವ ಕೆಲಸವಲ್ಲ. ಒಂದೇ ದಾಖಲೆಯ ಎರಡು ಕಾಲಂಗಳಿಗೆ ಎರಡು ಬಗೆಯ ಯಂತ್ರ ಬೇಕಾಯಿತು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ.

ವಿದ್ಯುತ್ತಿನ ಲೆಕ್ಕವೂ ಟ್ಯಾಬ್ಲೆಟ್ಟಿನ ಪರವಾಗಿಯೇ ಇದೆ. ಮೊದಲ ಐಪ್ಯಾಡಿನ ಬ್ಯಾಟರಿಯಲ್ಲಿ ತುಂಬುತ್ತಿದ್ದ ವಿದ್ಯುತ್ತು ಸುಮಾರು 25 ವಾಟ್-ಗಂಟೆ. ಅಷ್ಟರಲ್ಲಿ ಅದು ಹತ್ತು ಗಂಟೆ ನಡೆಯುತ್ತಿತ್ತು. ಮಾನಿಟರೂ ಸೇರಿ 100 ವಾಟ್ ಎಳೆಯುವ ಮೇಜಿನ ಕಂಪ್ಯೂಟರನ್ನು ಅಷ್ಟೇ ವಿದ್ಯುತ್ತು ಕಾಲು ಗಂಟೆ ನಡೆಸೀತು. ಕರೆಂಟು ಹೋದ ಕೂಡಲೇ ಯುಪಿಎಸ್ ಕಿರುಚತೊಡಗಿ, ಎಲ್ಲರೂ ಗಾಬರಿಯಲ್ಲಿ 'ಸೇವ್, ಸೇವ್' ಎಂದು ಕೂಗುತ್ತಿದ್ದ ನಮ್ಮ ಲ್ಯಾಬಿನ ದಿನಗಳನ್ನು ಕಂಡವರಿಗೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ಓದುವುದರಲ್ಲಂತೂ ನನ್ನ ಮತ ಸ್ಪಷ್ಟವಾಗಿ ಟ್ಯಾಬ್ಲೆಟ್ಟಿಗೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಈಗ ಸಾವಿರಗಟ್ಟಲೆ ಸಿಗುತ್ತವೆ. ಮೊಳೆ ಸವೆದು ಮಸುಕಾದ ಅಚ್ಚನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಪುಟವನ್ನು ನಿಲುವಾಗಿ ಹಿಡಿದು, ಆರಾಮ ಕುರ್ಚಿಯಲ್ಲಿ ಓದುವ ಸುಖ ಮೇಜಿನ ಅಡ್ಡ ಪರದೆಯಲ್ಲಿ ಇಲ್ಲ. ಪೊರೆ ಬಂದ ಕಣ್ಣಿನವರಿಗೆ ಇದು ಸುಖದ ಪ್ರಶ್ನೆಯೂ ಅಲ್ಲ, ಓದಲು ಆಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ. ಪೆನ್ನು ಹಿಡಿದು ಬರೆಯುವ ಕೆಲಸಕ್ಕೂ ಇದೇ ಮಾತು ಸಲ್ಲುತ್ತದೆ. 2020ರಲ್ಲಿ ಶಾಲೆ ಕಾಲೇಜು ಮುಚ್ಚಿದಾಗ ಗಣಿತದ ಮೇಷ್ಟ್ರು ಮೌಸ್ ಹಿಡಿದು ವರ್ಗಮೂಲದ ಚಿಹ್ನೆ ಬರೆಯಲು ಹೋಗಿ ಅದು ಕೋಳಿ ಕೆದಕಿದಂತಾಗುತ್ತಿತ್ತು. ಟ್ಯಾಬ್ಲೆಟ್ಟೂ ಪೆನ್ನೂ ಸಿಕ್ಕವರಿಗೆ ಕರಿಹಲಗೆಯೇ ಮರಳಿ ಬಂದಂತಾಯಿತು.

ಮಾತನ್ನು ಬರಹಕ್ಕೆ ಇಳಿಸುವುದು ಇನ್ನೊಂದು ಬಲ. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದ ಮೇಲೆ ಕೀಲಿಮಣೆಯನ್ನು ಎಂದೂ ಮುಟ್ಟದವರು ಕನ್ನಡದಲ್ಲಿ ಬರೆಯತೊಡಗಿದ್ದಾರೆ. ನಾನು ಮಂಡ್ಯದ ಕಡೆಯವನು, ನನ್ನ ಬಾಯಲ್ಲಿ ಹಕಾರ ಅಷ್ಟಾಗಿ ನಿಲ್ಲುವುದಿಲ್ಲ. ಅದರ ಮುಂದೆ ಕುಳಿತಾಗ ಪಂಚಾಂಗದವರ ಹಾಗೆ ಬಿಡಿಸಿ ಬಿಡಿಸಿ ಉಚ್ಚರಿಸುತ್ತೇನೆ, ಮನೆಯವಳು ನಗುತ್ತಾಳೆ. ಆದರೂ ಒಂದು ಪುಟದ ಪತ್ರವನ್ನು ಹೀಗೆ ಹೇಳಿ ಬರೆಸಬಹುದು.

ಒಂದು ಪುಟ ಎಂದೆ. ಹತ್ತು ಪುಟವಾದರೆ ಕಥೆ ಬೇರೆ. ಕನ್ನಡದ ಬರವಣಿಗೆ ಪರದೆಯ ಕೀಲಿಮಣೆಯಲ್ಲಿ ಎಡವುವ ಜಾಗವನ್ನು ಹತ್ತಿರದಿಂದ ತೋರಿಸುತ್ತೇನೆ. 'ರಾಷ್ಟ್ರೀಯ' ಎಂಬ ಪದವನ್ನು ತೆಗೆದುಕೊಳ್ಳಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬೆಳೆದು 'ನುಡಿ' ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಮೂಲಕ ನಾಡಿನ ಕಚೇರಿಗಳಿಗೆಲ್ಲ ತಲುಪಿದ ಕೀಲಿಮಣೆಯಲ್ಲಿ ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಕೀಲಿ ಒತ್ತಬೇಕು. ಈ ಪದಕ್ಕೆ ಅದನ್ನು ಎರಡು ಬಾರಿ ಒತ್ತಿದರಾಯಿತು. ಕಲಿತ ಕೈಗೆ ಅದು ಕಣ್ಣಿಗೆ ಕಾಣಬೇಕಾದ ಕೆಲಸವಲ್ಲ. ಎಡಗೈ ತೋರುಬೆರಳು ಎಫ್ ಮೇಲೆಯೇ ಕುಳಿತಿರುತ್ತದೆ, ಆ ಕೀಲಿಯ ಮೇಲಿನ ಸಣ್ಣ ಉಬ್ಬು ಬೆರಳಿಗೆ ಸ್ಥಾನ ಹೇಳುತ್ತದೆ. ಗಾಜಿಗೆ ಉಬ್ಬಿಲ್ಲ. ಅಲ್ಲಿ ಪ್ರತಿ ಅಕ್ಷರಕ್ಕೂ ಕಣ್ಣು ಕೆಳಗಿಳಿಯಬೇಕು, ಮಹಾಪ್ರಾಣಕ್ಕೆ ಇನ್ನೊಂದು ಪದರಕ್ಕೆ ಹೋಗಬೇಕು ಅಥವಾ ಬೆರಳನ್ನು ಒತ್ತಿ ಹಿಡಿದು ಕಾಯಬೇಕು. ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದರೆ ಆ ಕೀಲಿಮಣೆ ಪರದೆಯ ಸುಮಾರು ಅರ್ಧವನ್ನು ನುಂಗುತ್ತದೆ, ಬರೆದ ಹಿಂದಿನ ವಾಕ್ಯವೇ ಕಾಣುವುದಿಲ್ಲ. ಐಪ್ಯಾಡಿನಲ್ಲಂತೂ ಕನ್ನಡ ಕೀಲಿಮಣೆ ಬಂದದ್ದೇ 2017ರಲ್ಲಿ, ಯಂತ್ರ ಹುಟ್ಟಿ ಏಳು ವರ್ಷದ ಮೇಲೆ. ಬೇರೆ ಕೀಲಿಮಣೆಯನ್ನು ಕೊಂಡು ಜೋಡಿಸಬಹುದಲ್ಲ ಎಂದು ತಾವು ಕೇಳಬಹುದು. ಜೋಡಿಸಬಹುದು, ಆದರೆ ಕೀಲಿಮಣೆ, ಅದನ್ನು ನಿಲ್ಲಿಸುವ ಕವರು, ಪೆನ್ನು ಎಲ್ಲ ಕೊಂಡ ಮೇಲೆ ಬೆಲೆಯೂ ತೂಕವೂ ಲ್ಯಾಪ್‌ಟಾಪಿನ ಹತ್ತಿರ ಬಂದು ನಿಂತಿರುತ್ತದೆ.

ಬೆರಳಿನ ಗಾತ್ರವೂ ಒಂದು ಮಿತಿ. ಬೆರಳಿಗೆ ತಪ್ಪದೆ ಸಿಗಬೇಕಾದರೆ ಒಂದು ಗುಂಡಿ ಸುಮಾರು 9 ಮಿಲಿಮೀಟರ್ ಅಗಲ ಇರಬೇಕೆಂದು ಆಂಡ್ರಾಯ್ಡಿನ ವಿನ್ಯಾಸ ಸೂತ್ರಗಳೇ ಹೇಳುತ್ತವೆ. ಮೌಸಿನ ಬಾಣದ ತುದಿ ಕೂದಲಷ್ಟು ಜಾಗವನ್ನೂ ಹಿಡಿಯಬಲ್ಲದು. ಹೀಗಾಗಿ ಪುಟವಿನ್ಯಾಸ, ಕಟ್ಟಡದ ನಕ್ಷೆ, ದೊಡ್ಡ ಲೆಕ್ಕದ ಹಾಳೆ, ಇಂತಹ ನೂರಾರು ಸಲಕರಣೆಗಳಿರುವ ತಂತ್ರಾಂಶಗಳು ಟ್ಯಾಬ್ಲೆಟ್ಟಿಗೆ ಬರುವಾಗ ಅರ್ಧ ಸಲಕರಣೆ ಕಳೆದುಕೊಂಡು ಬರುತ್ತವೆ. ಮಂಡ್ಯದಲ್ಲಿ ನನಗೆ ಪರಿಚಯದ ಬೆಲ್ಲದ ಮಂಡಿಯವರೊಬ್ಬರು ಬಂದ ಮಾಲಿನ ಫೋಟೋ ತೆಗೆದು ಕಳಿಸುವುದು, ದರ ನೋಡುವುದು ಎಲ್ಲವನ್ನೂ ಟ್ಯಾಬಿನಲ್ಲಿ ಮಾಡುತ್ತಾರೆ. ತಿಂಗಳ ಕೊನೆಗೆ ಲೆಕ್ಕ ಮುಗಿಸಲು ಅವರ ಗುಮಾಸ್ತರು ಕೂರುವುದು ಹಳೆಯ ಡೆಸ್ಕ್‌ಟಾಪಿನ ಮುಂದೆ. ಅಲ್ಲಿ ಅಂಕಿಗಳ ಪ್ರತ್ಯೇಕ ಕೀಲಿಗಳ ಮೇಲೆ ಅವರ ಬಲಗೈ ನೋಡದೆ ಓಡುತ್ತದೆ, ಕಣ್ಣು ಬಿಲ್ಲಿನ ಮೇಲೆಯೇ ಇರುತ್ತದೆ.

ಈಗ ಕಡತದ ಮಾತಿಗೆ ಬರುತ್ತೇನೆ. ನನ್ನ ಹಿರಿಯ ಮಿತ್ರರೊಬ್ಬರು ನಿವೃತ್ತ ಕನ್ನಡ ಅಧ್ಯಾಪಕರು. ನಾಗಮಂಗಲದ ಸುತ್ತಿನ ಹಳ್ಳಿಗಳಲ್ಲಿ ತಾವು ಸಂಗ್ರಹಿಸಿದ್ದ ತ್ರಿಪದಿಗಳನ್ನು 2003ರ ಸುಮಾರಿಗೆ ಟೈಪ್ ಮಾಡಿಸಿ ಇಟ್ಟಿದ್ದರು. ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಮಗ ಟ್ಯಾಬ್ಲೆಟ್ ಕೊಡಿಸಿದಾಗ, ಇನ್ನು ಕುರ್ಚಿಯಲ್ಲಿ ಕುಳಿತೇ ಸಂಗ್ರಹವನ್ನು ತಿದ್ದಬಹುದೆಂದು ಹಿಗ್ಗಿ ಆ ಫೈಲನ್ನು ಅದಕ್ಕೆ ಹಾಕಿಸಿಕೊಂಡರು. ತೆರೆದರೆ ತ್ರಿಪದಿ ಇಲ್ಲ. 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೊಂದು ಓರೆಗೆರೆ ಹೊತ್ತ ಎ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೆರೆ ಹೊತ್ತ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಮತ್ತೆ ಅದೇ ಎ. "ಇದೇನಯ್ಯಾ, ನನ್ನ ಗರತಿಯರೆಲ್ಲ ಇಂಗ್ಲೆಂಡಿಗೆ ಹೋಗಿಬಿಟ್ಟಿದ್ದಾರೆ" ಎಂದು ನನಗೆ ಫೋನು ಮಾಡಿದರು.

ಕಾರಣ ಸರಳ. ಒಂದೊಂದು ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಟು ಎಲ್ಲೆಡೆ ಬಳಕೆಗೆ ಬರುವ ಮುನ್ನ ನಮ್ಮ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರಗಳನ್ನು ಕೂರಿಸುತ್ತಿದ್ದವು. ಫೈಲಿನೊಳಗೆ ಇರುವುದು ಪಿ, ಎ, ಕ್ಯೂಗಳೇ. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲೆಂಡು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಮನೆಯಿದೆ, ಅಲ್ಲಿ ಈ ತೊಂದರೆ ಬರುವುದಿಲ್ಲ. ಕಂಪ್ಯೂಟರಿನಲ್ಲಾದರೆ ಹಳೆಯ ಫಾಂಟನ್ನು ತಂದು ಹಾಕಿಬಿಡುವುದು ಒಂದು ನಿಮಿಷದ ಕೆಲಸ. ಟ್ಯಾಬ್ಲೆಟ್ಟಿನಲ್ಲಿ ಕೆಲವು ಆ್ಯಪುಗಳ ಒಳಗೆ ಅದಕ್ಕೆ ಅಡ್ಡದಾರಿಗಳಿದ್ದರೂ, ಇಡೀ ಯಂತ್ರಕ್ಕೆ ಒಂದು ಫಾಂಟನ್ನು ಸುಮ್ಮನೆ ಒಯ್ದು ಹಾಕುವ ಹೆದ್ದಾರಿ ಇಲ್ಲ. ಏಕೆಂದರೆ ಅಲ್ಲಿ ಒಂದೊಂದು ಆ್ಯಪೂ ತನ್ನ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತದೆ. ಇನ್ನೊಂದರ ಕೋಣೆಗೆ ಕೈ ಹಾಕುವಂತಿಲ್ಲ, ನಡುಮನೆಯ ಸಾಮಾನನ್ನು ಮುಟ್ಟುವಂತಿಲ್ಲ.

ಈ ಬಾಗಿಲುಗಳನ್ನು ನಾನು ದೂರುತ್ತಿಲ್ಲ. ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗನ ಪೆನ್‌ಡ್ರೈವಿನಿಂದ ಬಂದ ವೈರಸ್ಸು ಬೆಳಗ್ಗೆ ಒಂದು ಯಂತ್ರದಲ್ಲಿದ್ದರೆ ಸಂಜೆಗೆ ಮೂವತ್ತರಲ್ಲಿಯೂ ಇರುತ್ತಿತ್ತು. ಅಂತಹ ಹಾವಳಿ ಟ್ಯಾಬ್ಲೆಟ್ಟಿನಲ್ಲಿ ಕಡಿಮೆ ಇರುವುದು ಇದೇ ಬಾಗಿಲುಗಳಿಂದ. ಅಜ್ಜಿ ಏನನ್ನು ಒತ್ತಿದರೂ ಯಂತ್ರ ಕೆಡುವುದಿಲ್ಲ ಎಂಬ ಧೈರ್ಯ ಬಂದದ್ದೂ ಇವುಗಳಿಂದಲೇ. ಬಲವೂ ಮಿತಿಯೂ ಒಂದೇ ಗೋಡೆಯ ಎರಡು ಮುಖಗಳಾಗಿರುವುದರಿಂದ, ಮಿತಿಯನ್ನು ಮಾತ್ರ ಕಿತ್ತು ಬಿಸಾಡಲು ಬರುವುದಿಲ್ಲ.

ಕಂಪನಿಗಳೂ ಇದನ್ನು ತಡವಾಗಿ ಅರಿತವು. ಐಪ್ಯಾಡಿನಲ್ಲಿ ಕಡತಗಳನ್ನು ಕಣ್ಣಿಗೆ ತೋರಿಸುವ 'ಫೈಲ್ಸ್' ಎಂಬ ಆ್ಯಪು ಬಂದದ್ದು 2017ರಲ್ಲಿ. ಪೆನ್‌ಡ್ರೈವ್ ಓದತೊಡಗಿದ್ದು 2019ರಲ್ಲಿ, ಮೌಸಿಗೂ ಟ್ರ್ಯಾಕ್‌ಪ್ಯಾಡಿಗೂ ಸರಿಯಾಗಿ ಒಗ್ಗಿಕೊಂಡಿದ್ದು 2020ರಲ್ಲಿ, ಕಂಪ್ಯೂಟರಿನಂತೆ ಒಂದರ ಮೇಲೊಂದು ಕಿಟಕಿ ಹರಡಿಕೊಳ್ಳಲು ಪೂರ್ತಿಯಾಗಿ ಬಿಟ್ಟಿದ್ದು 2025ರಲ್ಲಿ. ಕಡತವನ್ನು ಮುಚ್ಚಿಟ್ಟು ಆರಂಭಿಸಿದ ಯಂತ್ರ ಹದಿನೈದು ವರ್ಷ ಹಿಂದು ಹಿಂದಕ್ಕೆ ನಡೆದು ಕಂಪ್ಯೂಟರಿನ ಅಂಗಳಕ್ಕೆ ಬಂದಿತು. ಅತ್ತ ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8 ತಂದು, ಕಂಪ್ಯೂಟರಿನ ಮೈಮೇಲೆ ಟ್ಯಾಬ್ಲೆಟ್ಟಿನ ಅಂಗಿ ತೊಡಿಸಿ, ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿತ್ತು. ಮರುವರ್ಷ ಅದನ್ನು ಮರಳಿ ತರಬೇಕಾಯಿತು.

ಆ್ಯಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ 2010ರಲ್ಲಿ ಒಂದು ಹೋಲಿಕೆ ಕೊಟ್ಟಿದ್ದರು: ಕೃಷಿಯೇ ಮುಖ್ಯವಾಗಿದ್ದ ಕಾಲದಲ್ಲಿ ಎಲ್ಲ ವಾಹನಗಳೂ ಟ್ರಕ್ಕುಗಳಾಗಿದ್ದವು, ನಗರ ಬೆಳೆದಂತೆ ಕಾರುಗಳು ಬಂದವು, ಕಂಪ್ಯೂಟರುಗಳು ಇನ್ನು ಟ್ರಕ್ಕುಗಳಂತೆ, ಕೆಲವರಿಗೆ ಮಾತ್ರ ಬೇಕಾಗುತ್ತವೆ ಎಂದು. ಜಾಣ ಮಾತು. ಆದರೆ ಕಬ್ಬಿನ ಸೀಮೆಯಲ್ಲಿ ಇದ್ದು ಬಂದ ನನಗೆ ಆ ಹೋಲಿಕೆ ಬೇರೆಯಾಗಿಯೇ ಕೇಳಿಸಿತು. ಕಾರ್ಖಾನೆಗೆ ಕಬ್ಬು ಹೋಗುವುದು ಸ್ಕೂಟರಿನ ಮೇಲಲ್ಲ. ಮನೆಯಲ್ಲಿ ಟ್ರ್ಯಾಕ್ಟರ್ ಇಲ್ಲದವನು ಬಾಡಿಗೆಗೆ ಅದನ್ನು ಹಿಡಿಯಲೇಬೇಕು, ಬಾಡಿಗೆ ಹೇಳುವವನು ಟ್ರ್ಯಾಕ್ಟರಿನವನು. ಟ್ಯಾಬ್ಲೆಟ್ಟಿನಲ್ಲಿ ನಾವು ಬಳಸುವ ಆ್ಯಪುಗಳನ್ನು ಬಹುತೇಕ ಕಂಪ್ಯೂಟರಿನಲ್ಲಿಯೇ ಕಟ್ಟುತ್ತಾರೆ. 2021ರ ಕೊನೆಯಿಂದ ಸಣ್ಣ ಆ್ಯಪುಗಳನ್ನು ಐಪ್ಯಾಡಿನಲ್ಲಿಯೇ ಬರೆದು ಮಳಿಗೆಗೆ ಏರಿಸಬಹುದಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಕೆಲಸವನ್ನೇ ವೃತ್ತಿ ಮಾಡಿಕೊಂಡವರ ಮೇಜಿನ ಮೇಲೆ ಇರುವುದು ಕಂಪ್ಯೂಟರೇ. ನಮ್ಮ ಹಳ್ಳಿಯ ಮಕ್ಕಳ ಕೈಗೆ ಟ್ಯಾಬ್ಲೆಟ್ ಮಾತ್ರ ಕೊಟ್ಟು ಕಂಪ್ಯೂಟರ್ ಕಲಿಸಿದ್ದೇವೆ ಎಂದು ಹೇಳಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ದುರಸ್ತಿಯ ಬಗ್ಗೆ ಎರಡೇ ಮಾತು. ನನ್ನ ಮನೆಯ ಡೆಸ್ಕ್‌ಟಾಪ್ 2012ರದು. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಹಾಕಿಸಿದೆ, ಮೆಮೊರಿಯ ಪಟ್ಟಿಯೊಂದನ್ನು ಸೇರಿಸಿದೆ, ಪವರ್ ಸಪ್ಲೈ ಎರಡು ಬಾರಿ ಬದಲಾಯಿತು, ಈಗಲೂ ನಡೆಯುತ್ತಿದೆ. ಅದಕ್ಕಿಂತ ಎರಡು ವರ್ಷ ಕಿರಿಯದಾದ ಟ್ಯಾಬ್ಲೆಟ್ಟು ಬೀರುವಿನಲ್ಲಿ ಮಲಗಿದೆ. ಅದರ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದಾರೆ, ಮೆಮೊರಿಯನ್ನು ಬೆಸುಗೆ ಹಾಕಿದ್ದಾರೆ, ಬಿಚ್ಚಲು ಹೋದರೆ ಮೊದಲು ಒಡೆಯುವುದು ಗಾಜು. ತೆಳ್ಳಗೆ ಮಾಡುವುದಕ್ಕೆ ತೆತ್ತ ಬೆಲೆ ಅದು.

ಪ್ರಶ್ನೋತ್ತರಕ್ಕೆ ಬರೋಣ. ಮೊದಲ ಪಿಯುಸಿ ಓದುವ ಮಗಳಿಗೆ 25 ಸಾವಿರದೊಳಗೆ ಏನು ಕೊಡಿಸಲಿ ಎಂದು ತಾಯಿಯೊಬ್ಬರು ಕೇಳಿದರು. ಮನೆಯಲ್ಲಿ ಈಗಾಗಲೇ ದೊಡ್ಡ ಪರದೆಯ ಫೋನು ಇದೆಯೇ ಎಂದು ಕೇಳಿದೆ, ಇದೆ ಎಂದರು. ಪಾಠದ ವಿಡಿಯೋ ನೋಡುವುದು ಅದರಲ್ಲಿ ಆಗುತ್ತದೆ, ಆದ್ದರಿಂದ ಬಳಸಿದ ಲ್ಯಾಪ್‌ಟಾಪ್ ಒಂದನ್ನು ನಂಬಿಕೆಯ ಅಂಗಡಿಯಲ್ಲಿ ನೋಡಿ ತೆಗೆದುಕೊಳ್ಳಿ, ಮೆಮೊರಿ 8 ಜಿಬಿಗೆ ಕಡಿಮೆ ಇರಬಾರದು, ಉಳಿದ ಹಣದಲ್ಲಿ ಹೊಸ ಬ್ಯಾಟರಿ ಹಾಕಿಸಿ ಎಂದೆ. ತಮ್ಮ ತಾಯಿಗೆ ಎಂಬತ್ತೆರಡು, ಭಾಗವತ ಓದಬೇಕು, ಕಣ್ಣು ಸಾಲದು ಎಂದ ಇನ್ನೊಬ್ಬರಿಗೆ ಹತ್ತು ಅಂಗುಲಕ್ಕಿಂತ ದೊಡ್ಡ ಪರದೆಯ ಸಾಧಾರಣ ಟ್ಯಾಬ್ಲೆಟ್ ಸಾಕು, ಕಂಪ್ಯೂಟರ್ ಬೇಡವೇ ಬೇಡ ಎಂದೆ.

ಕೊನೆಯ ಸಾಲಿನಲ್ಲಿದ್ದ ಹಿರಿಯರೊಬ್ಬರು ತ್ರಿಪದಿಗಳ ಕಥೆ ಕೇಳಿದ ಮೇಲೆ ಎದ್ದು ನಿಂತು, ತಮ್ಮಲ್ಲಿಯೂ ಹಳೆಯ ಫಾಂಟಿನ ಬರಹಗಳು ಸಿಡಿಗಳಲ್ಲಿವೆ, ಏನು ಮಾಡಲಿ ಎಂದರು. ಸಿಡಿ ಓದುವ ಡ್ರೈವ್ ಇರುವ ಕಂಪ್ಯೂಟರ್ ಇನ್ನೂ ಸಿಗುತ್ತಿರುವಾಗಲೇ ತನ್ನಿ, ಮೊದಲು ಎಲ್ಲವನ್ನೂ ಒಂದು ಕಡೆ ನಕಲು ಮಾಡಿಕೊಂಡು, ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸೋಣ, ಅರ್ಕಾವೊತ್ತುಗಳು ಅಲ್ಲಲ್ಲಿ ತಪ್ಪಬಹುದು, ಅವನ್ನು ತಾವು ಟ್ಯಾಬ್ಲೆಟ್ಟಿನಲ್ಲಿ ಓದುತ್ತ ಗುರುತು ಹಾಕಿಕೊಡಿ ಎಂದೆ. ಮುಂದಿನ ಭಾನುವಾರ ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಸಿಡಿಗಳನ್ನು ತಂದರು. ನನ್ನ 2012ರ ಯಂತ್ರ ಒಂದೊಂದನ್ನೇ ಗರಗರ ತಿರುಗಿಸಿ ಒಂಬತ್ತನ್ನು ಓದಿತು. ಉಳಿದ ಎರಡು ಸಿಡಿಗಳ ಬೆಳ್ಳಿ ಪದರ ಅಂಚಿನಿಂದ ಸುಲಿದು ಬಂದಿತ್ತು. ಅವುಗಳಲ್ಲಿ ಏನಿತ್ತೆಂದು ಕೇಳಿದೆ. ಒಂದರಲ್ಲಿ ತಂದೆಯ ದಿನಚರಿ ಇತ್ತು, ಇನ್ನೊಂದು ನೆನಪಿಲ್ಲ ಎಂದರು. ದಿನಚರಿಯ ಕೈಬರಹದ ಮೂಲ ಊರಿನ ಅಟ್ಟದಲ್ಲಿ ಇರಬಹುದಂತೆ. ಹಬ್ಬಕ್ಕೆ ಹೋದಾಗ ಹುಡುಕುತ್ತೇನೆಂದು ಹೇಳಿ ಡಬ್ಬಿಯನ್ನು ಎತ್ತಿಕೊಂಡು ಹೊರಟರು.